‘ಆ ದೇಶ ಸೇಫಾ?’ ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ

ಟಿಕೆಟ್ ತೆಗೆಯುವ ಮೊದಲು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ‘ಆ ದೇಶ ಸೇಫಾ?’ ಹೋಗಿ ಬಂದವರನ್ನು ಕೇಳಿದರೆ ‘ಏನೂ ಆಗಲ್ಲ, ಆರಾಮಾಗಿ ಹೋಗಿ ಬನ್ನಿ’ ಅನ್ನುತ್ತಾರೆ. ಹೋಗದವರನ್ನು ಕೇಳಿದರೆ ‘ಅಯ್ಯೋ, ಅಲ್ಲಿಗಾ?’ ಎಂದು ಹುಬ್ಬು ಏರಿಸುತ್ತಾರೆ. ಎರಡರಿಂದಲೂ ಹೆಚ್ಚೇನೂ ತಿಳಿಯುವುದಿಲ್ಲ. ಹೋಗಿ ಬಂದವರಿಗೆ ಏನೂ ಆಗಿಲ್ಲ, ಅದಕ್ಕೇ ಅಷ್ಟು ಧೈರ್ಯ. ಹೋಗದವರು ಟೀವಿಯಲ್ಲಿ ನೋಡಿದ್ದನ್ನು ಹೇಳುತ್ತಾರೆ. ತಪ್ಪು ಇಬ್ಬರದ್ದೂ ಅಲ್ಲ. ಕೇಳಿದ ಪ್ರಶ್ನೆಯೇ ಸರಿ ಇಲ್ಲ.

ನ್ಯೂಜಿಲೆಂಡನ್ನೇ ತೆಗೆದುಕೊಳ್ಳಿ. ಸುರಕ್ಷಿತ ದೇಶ ಅಂದ ಕೂಡಲೇ ನೆನಪಿಗೆ ಬರುವ ಹೆಸರುಗಳಲ್ಲಿ ಅದೂ ಒಂದು. 2019ರ ಡಿಸೆಂಬರ್ 9ರಂದು ಅಲ್ಲಿನ ವೈಟ್ ಐಲ್ಯಾಂಡ್ ಎಂಬ ಜ್ವಾಲಾಮುಖಿ ದ್ವೀಪ ಸಿಡಿಯಿತು. ಆಗ ದ್ವೀಪದ ಮೇಲೆ 47 ಜನ ಇದ್ದರು, ಪ್ರವಾಸಿಗರು ಮತ್ತು ಅವರ ಗೈಡ್‌ಗಳು. 22 ಮಂದಿ ಸತ್ತರು. ಇದಕ್ಕೆ ಮೂರು ವಾರ ಮೊದಲೇ, ನವೆಂಬರ್ 18ರಂದು, ಅಲ್ಲಿನ ವಿಜ್ಞಾನಿಗಳು ಜ್ವಾಲಾಮುಖಿಯ ಎಚ್ಚರಿಕೆ ಮಟ್ಟವನ್ನು 1ರಿಂದ 2ಕ್ಕೆ ಏರಿಸಿದ್ದರು. ಜ್ವಾಲಾಮುಖಿ ಇನ್ನೂ ಸಿಡಿದಿಲ್ಲ ಅನ್ನುವಾಗ ಕೊಡಬಹುದಾದ ಅತಿ ಮೇಲಿನ ಮಟ್ಟ ಅದು. ಮಾಹಿತಿ ಗುಟ್ಟೇನೂ ಆಗಿರಲಿಲ್ಲ, ಯಾರು ಬೇಕಾದರೂ ನೋಡಬಹುದಿತ್ತು. ಪ್ರವಾಸದ ದೋಣಿಗಳು ಮಾತ್ರ ನಿಲ್ಲಲಿಲ್ಲ.

ಹಾಗಾದರೆ ನ್ಯೂಜಿಲೆಂಡ್ ಅಪಾಯದ ದೇಶವಾ? ಖಂಡಿತ ಅಲ್ಲ. ಆದರೆ ಆ ಮಧ್ಯಾಹ್ನ ಕುಳಿಯ ಹತ್ತಿರ ನಿಂತಿದ್ದವರಿಗೆ ‘ಸುರಕ್ಷಿತ ದೇಶ’ ಎಂಬ ಹೆಸರಿನಿಂದ ಏನೂ ಉಪಯೋಗವಾಗಲಿಲ್ಲ. ಯಾವ ಜಾಗ, ಯಾವ ತಿಂಗಳು, ಹೋಗುವವರು ಯಾರು, ಹೋಗಿ ಏನು ಮಾಡುತ್ತಾರೆ, ಇವೆಲ್ಲ ಸೇರಿದಾಗ ಅಪಾಯ ಹುಟ್ಟುತ್ತದೆ. ಇದರ ಜೊತೆ ಇನ್ನೊಂದು ಪ್ರಶ್ನೆ ಇದೆ. ಅದನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಎಡವಟ್ಟಾದರೆ ಸರಿಪಡಿಸಲು ಎಷ್ಟು ಹೊತ್ತು ಸಿಗುತ್ತದೆ? ಸರಿಪಡಿಸುವವರು ಎಷ್ಟು ದೂರದಲ್ಲಿದ್ದಾರೆ? ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಅದೇ.

ನಂಬರಿಗಿಂತ ಅಕ್ಷರ ನೋಡಿ

ಹುಡುಕಲು ಕೂತರೆ ಮೊದಲು ಸಿಗುವುದು ಸರ್ಕಾರಗಳ ಟ್ರಾವೆಲ್ ಅಡ್ವೈಸರಿ. ಅಮೆರಿಕದ ವಿದೇಶಾಂಗ ಇಲಾಖೆ 2018ರ ಜನವರಿಯಿಂದ ದೇಶಗಳಿಗೆ 1ರಿಂದ 4ರವರೆಗೆ ಮಟ್ಟ ಕೊಡುತ್ತಿದೆ. 1 ಅಂದರೆ ಮಾಮೂಲಿ ಎಚ್ಚರ ಸಾಕು. 2 ಅಂದರೆ ಸ್ವಲ್ಪ ಜಾಸ್ತಿ ಎಚ್ಚರ ಬೇಕು. 3 ಅಂದರೆ ಹೋಗಲೇಬೇಕಾ ಎಂದು ಮತ್ತೊಮ್ಮೆ ಯೋಚಿಸಿ. 4 ಅಂದರೆ ಹೋಗಬೇಡಿ. ಆಸ್ಟ್ರೇಲಿಯಾ, ಕೆನಡಾಗಳದ್ದೂ ನಾಲ್ಕು ಮಟ್ಟ. ಬ್ರಿಟನ್ ನಂಬರು ಕೊಡುವುದಿಲ್ಲ. ‘ತೀರಾ ಅಗತ್ಯ ಇದ್ದರೆ ಮಾತ್ರ ಹೋಗಿ’, ‘ಯಾವ ಕಾರಣಕ್ಕೂ ಹೋಗಬೇಡಿ’ ಎಂದು ಪ್ರದೇಶ ಪ್ರದೇಶಕ್ಕೆ ಬೇರೆ ಬೇರೆ ಹೇಳಿ, ಮ್ಯಾಪಿನಲ್ಲಿ ಬಣ್ಣ ಹಚ್ಚಿ ತೋರಿಸುತ್ತದೆ.

ನಂಬರು ಓದುವುದು ಸುಲಭ. ಅದೇ ಅದರ ತೊಂದರೆ ಕೂಡ. ಅಮೆರಿಕದ ಪಟ್ಟಿಯಲ್ಲಿ ಫ್ರಾನ್ಸ್ ವರ್ಷಗಳಿಂದ 2ನೇ ಮಟ್ಟದಲ್ಲಿದೆ. ಅಂಟಾರ್ಕ್ಟಿಕಾ ಕೂಡ 2ರಲ್ಲೇ ಇತ್ತು! ಒಂದು ಕಡೆ ಕಾರಣ ಭಯೋತ್ಪಾದನೆ ಮತ್ತು ಬೀದಿ ಗಲಾಟೆ. ಇನ್ನೊಂದು ಕಡೆ ಹೇಳದೇ ಕೇಳದೇ ಬದಲಾಗುವ ಹವಾಮಾನ, ಕರೆದರೂ ಬೇಗ ಬರಲಾರದ ನೆರವು. ಎರಡಕ್ಕೂ ಒಂದೇ ನಂಬರು. ಅದಕ್ಕೇ ನಂಬರಿನ ಜೊತೆ ಕೊಡುವ ಅಕ್ಷರಗಳನ್ನು ನೋಡಬೇಕು. ಸಿ ಅಂದರೆ ಅಪರಾಧ. ಟಿ ಅಂದರೆ ಭಯೋತ್ಪಾದನೆ. ಯು ಅಂದರೆ ಗಲಭೆ, ಎಚ್ ಅಂದರೆ ಆರೋಗ್ಯ, ಎನ್ ಅಂದರೆ ಪ್ರಕೃತಿ ವಿಕೋಪ, ಕೆ ಅಂದರೆ ಅಪಹರಣ. ಡಿ ಅಂದರೆ ಅನ್ಯಾಯವಾಗಿ ಹಿಡಿದಿಡುವ ಸಾಧ್ಯತೆ. ಕಾರಣ ಗೊತ್ತಾದ ಮೇಲಷ್ಟೇ ಅದು ನಿಮಗೆ ಅನ್ವಯಿಸುತ್ತದಾ ಇಲ್ಲವಾ ಎಂದು ಹೇಳಬಹುದು.

ದೇಶ ದೊಡ್ಡದಾದಷ್ಟೂ ಒಂದೇ ನಂಬರಿನಿಂದ ದಾರಿ ತಪ್ಪುವುದು ಜಾಸ್ತಿ. ಮೆಕ್ಸಿಕೊಗೆ ಅಮೆರಿಕ ರಾಜ್ಯವಾರು ಮಟ್ಟ ಕೊಡುತ್ತದೆ. ಮಾಯಾ ನಾಗರಿಕತೆಯ ಚಿಚೆನ್ ಇಟ್ಸಾ ಇರುವ ಯುಕಟಾನ್ ರಾಜ್ಯ ಬಹುಕಾಲದಿಂದ 1ರಲ್ಲಿದೆ. ಡ್ರಗ್ಸ್ ಗ್ಯಾಂಗುಗಳ ಹೊಡೆದಾಟ ಜೋರಾಗಿರುವ ಸಿನಾಲೋವಾ, ತಮೌಲಿಪಾಸ್ ರಾಜ್ಯಗಳು 4ರಲ್ಲಿವೆ. ‘ಮೆಕ್ಸಿಕೊ ಸೇಫಾ?’ ಎಂದು ಕೇಳಿದರೆ ಏನು ಹೇಳುವುದು?

ಇನ್ನೊಂದು ವಿಷಯ. ಪ್ರತಿ ಸರ್ಕಾರವೂ ತನ್ನ ಪ್ರಜೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅಡ್ವೈಸರಿ ಬರೆಯುತ್ತದೆ. ಒಂದು ಪಾಸ್‌ಪೋರ್ಟ್ ಇದ್ದವರನ್ನು ಅನುಮಾನದಿಂದ ನೋಡುವ ದೇಶ ಇನ್ನೊಂದು ಪಾಸ್‌ಪೋರ್ಟ್ ಇದ್ದವರನ್ನು ನಗುತ್ತಾ ಒಳಗೆ ಬಿಡಬಹುದು. ಜೊತೆಗೆ ಅಧಿಕಾರಿಗಳ ಕಷ್ಟವೂ ಇದೆ. ಎಚ್ಚರಿಕೆ ಕೊಡದೆ ಏನಾದರೂ ಆದರೆ ಎಲ್ಲರೂ ಬೈಯುತ್ತಾರೆ. ಸುಮ್ನೆ ಎಚ್ಚರಿಕೆ ಕೊಟ್ಟು ಏನೂ ಆಗದಿದ್ದರೆ ಯಾರೂ ಕೇಳುವುದಿಲ್ಲ. ಹೀಗಿರುವಾಗ ಮಟ್ಟ ಬೇಗ ಏರಿ ನಿಧಾನಕ್ಕೆ ಇಳಿದರೆ ಆಶ್ಚರ್ಯ ಇಲ್ಲ ಅಲ್ವಾ? ನಾನು ಮೊದಲು ನನ್ನ ಪಾಸ್‌ಪೋರ್ಟ್ ಕೊಟ್ಟ ಸರ್ಕಾರ ಏನು ಹೇಳುತ್ತದೆ ನೋಡುತ್ತೇನೆ. ಆಮೇಲೆ ಬೇರೆ ಎರಡು ಮೂರು ಸರ್ಕಾರಗಳದ್ದನ್ನು ಪಕ್ಕ ಪಕ್ಕ ಇಟ್ಟು ಓದುತ್ತೇನೆ. ಎಲ್ಲರೂ ಅದೇ ಜಿಲ್ಲೆ, ಅದೇ ಗಡಿ, ಅದೇ ರಸ್ತೆಯ ಹೆಸರು ಹೇಳುತ್ತಿದ್ದರೆ ಮರುಮಾತಿಲ್ಲ, ಆ ಕಡೆ ಹೋಗುವುದಿಲ್ಲ. ಒಬ್ಬರೇ ಹೇಳುತ್ತಿದ್ದರೆ ಕಾರಣ ಹುಡುಕುತ್ತೇನೆ. ಪುಟವನ್ನು ಕೊನೆಯ ಸಲ ತಿದ್ದಿದ ದಿನಾಂಕವನ್ನೂ ನೋಡಬೇಕು. ಎಂಟು ತಿಂಗಳ ಹಿಂದಿನ ಚುನಾವಣೆ ಗಲಾಟೆ ಇನ್ನೂ ಅಲ್ಲೇ ಕೂತಿರಬಹುದು.

ಇಳಿಯುವ ದೇಶದ ಬಗ್ಗೆ ಓದಿದರೆ ಸಾಲದು, ವಿಮಾನ ಬದಲಿಸುವ ಊರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2025ರ ಜೂನ್ 13ರಂದು ಇಸ್ರೇಲ್ ಮತ್ತು ಇರಾನ್ ನಡುವೆ ಯುದ್ಧ ಶುರುವಾದಾಗ ಆ ಭಾಗದ ಆಕಾಶವೇ ಮುಚ್ಚಿಹೋಯಿತು. ಜೂನ್ 23ರಂದು ಕತಾರ್ ಕೂಡ ಸ್ವಲ್ಪ ಹೊತ್ತು ತನ್ನ ವಾಯುಮಾರ್ಗ ಮುಚ್ಚಿತು. ಯುದ್ಧಕ್ಕೂ ತಮ್ಮ ಪ್ರವಾಸಕ್ಕೂ ಏನೇನೂ ಸಂಬಂಧ ಇಲ್ಲದವರು ದಾರಿ ಮಧ್ಯೆ ಸಿಕ್ಕಿಕೊಂಡರು.

ಹೆದರಿಸುವುದು ಒಂದು, ಕೊಲ್ಲುವುದು ಇನ್ನೊಂದು

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ತುಂಬಾ ಅಮೆರಿಕನ್ನರು ವಿಮಾನ ಬಿಟ್ಟು ಕಾರು ಹತ್ತಿದರು. ಜರ್ಮನಿಯ ಮನಶ್ಶಾಸ್ತ್ರಜ್ಞ ಗರ್ಡ್ ಗಿಗರೆನ್ಸರ್ ಮುಂದಿನ ಒಂದು ವರ್ಷದ ರಸ್ತೆ ಅಪಘಾತಗಳ ಲೆಕ್ಕ ತೆಗೆದರು. ವಿಮಾನದ ಭಯದಿಂದ ರಸ್ತೆಗೆ ಇಳಿದ ಕಾರಣಕ್ಕೇ ಸುಮಾರು 1,500 ಜನ ಹೆಚ್ಚುವರಿಯಾಗಿ ಸತ್ತರು ಎಂಬುದು ಅವರ ಅಂದಾಜು. ಅಪಹರಣಕಾರರು ಹತ್ತಿದ ನಾಲ್ಕು ವಿಮಾನಗಳಲ್ಲಿ ಇದ್ದ ಪ್ರಯಾಣಿಕರ ಸಂಖ್ಯೆಯನ್ನು ಇದು ಎಷ್ಟೋ ಪಟ್ಟು ಮೀರಿಸುತ್ತದೆ.

ವಿದೇಶಕ್ಕೆ ಹೊರಟವರ ಲೆಕ್ಕವೂ ಹೀಗೇ ತಪ್ಪುತ್ತದೆ. ಬಾಂಬು, ಅಪಹರಣ, ಶಾರ್ಕ್, ಹಾವು ಇವೆಲ್ಲ ತಲೆಯಲ್ಲಿ ಕೂತಿರುತ್ತವೆ. ವಯಸ್ಸಾದ ಪ್ರಯಾಣಿಕರು ಪರದೇಶದಲ್ಲಿ ಸತ್ತರೆ ಕಾರಣ ಬಹುಮಟ್ಟಿಗೆ ಹೃದಯದ ಕಾಯಿಲೆ. ಮನೆಯಲ್ಲಿದ್ದರೂ ಅದೇ ಆಗಬಹುದಿತ್ತು. ವ್ಯತ್ಯಾಸ ಏನೆಂದರೆ, ಮನೆಯಲ್ಲಿದ್ದರೆ ಯಾವ ಆಸ್ಪತ್ರೆಗೆ ಓಡಬೇಕು ಎಂದು ಗೊತ್ತಿರುತ್ತದೆ. ವಯಸ್ಸಿನಲ್ಲಿ ಚಿಕ್ಕವರಾದರೆ ಮೊದಲ ಸಾಲಿನಲ್ಲಿ ಬರುವುದು ರಸ್ತೆ ಮತ್ತು ನೀರು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ರಸ್ತೆ ಅಪಘಾತಗಳಲ್ಲಿ ಸುಮಾರು 11.9 ಲಕ್ಷ ಜನ ಸತ್ತರು. 5ರಿಂದ 29 ವರ್ಷದವರ ಸಾವಿಗೆ ಅತಿ ದೊಡ್ಡ ಕಾರಣ ಇದೇ. ದೇಶದಿಂದ ದೇಶಕ್ಕೆ ಇರುವ ಅಂತರ ನೋಡಿದರೆ ಬೆಚ್ಚಿಬೀಳಬೇಕು. ಆ ವರ್ಷ ಥಾಯ್ಲೆಂಡಿನಲ್ಲಿ ಒಂದು ಲಕ್ಷ ಜನಕ್ಕೆ ಸುಮಾರು 25 ಮಂದಿ ರಸ್ತೆಯಲ್ಲಿ ಸತ್ತರು. ನಾರ್ವೆ, ಸ್ವೀಡನ್‌ಗಳಲ್ಲಿ ಈ ಸಂಖ್ಯೆ 2ರ ಆಸುಪಾಸು. ಥಾಯ್ಲೆಂಡಿನಲ್ಲಿ ಸತ್ತವರಲ್ಲಿ ಬಹುಪಾಲು ಬೈಕು, ಸ್ಕೂಟರುಗಳ ಮೇಲೆ ಇದ್ದವರು. ಪ್ರವಾಸಿಗರು ಅಲ್ಲಿಗೆ ಹೋದ ಮಾರನೇ ದಿನ ಬಾಡಿಗೆಗೆ ತೆಗೆದುಕೊಳ್ಳುವುದೂ ಅದನ್ನೇ. ಎಷ್ಟೋ ಜನ ಜೀವನದಲ್ಲಿ ಮೊದಲ ಸಲ ಗೇರ್ ಹಾಕುವುದು ಅಲ್ಲಿನ ದ್ವೀಪಗಳ ಏರುತಗ್ಗಿನ ರಸ್ತೆಯಲ್ಲಿ. ತಲೆಗೆ ಸಡಿಲ ಹೆಲ್ಮೆಟ್, ಕಾಲಿಗೆ ಚಪ್ಪಲಿ.

ಈ ಒಂದು ಅಪಾಯವನ್ನು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇಟ್ಟುಕೊಳ್ಳಬಹುದು ಎನ್ನುವುದು ಗಮನಿಸಬೇಕಾದ ವಿಷಯ. ಭಯೋತ್ಪಾದಕರ ಮೇಲೆ ನಮಗೆ ಹಿಡಿತ ಇಲ್ಲ. ರಾತ್ರಿ ಬಸ್ಸಿನಲ್ಲಿ ಘಟ್ಟದ ರಸ್ತೆ ಹಿಡಿಯಬೇಕಾ, ಹಗಲಿನ ರೈಲಿಗೆ ಕಾಯಬೇಕಾ ಎಂಬುದು ನಮ್ಮದೇ ತೀರ್ಮಾನ. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದಿದ್ದರೆ ಬೇರೆ ಟ್ಯಾಕ್ಸಿ ಹುಡುಕಬಹುದು. ವಾಹನ ಎಡಕ್ಕೆ ಹೋಗುವ ದೇಶದಿಂದ ಬಲಕ್ಕೆ ಹೋಗುವ ದೇಶಕ್ಕೆ ಹೋದವರು ರಸ್ತೆ ದಾಟುವಾಗ ತಪ್ಪು ಕಡೆ ನೋಡುತ್ತಾರೆ. ಮೊದಲ ಎರಡು ಮೂರು ದಿನ ಎರಡೂ ಕಡೆ ನೋಡಿ ದಾಟುವುದು ಮಕ್ಕಳ ಪಾಠದ ಹಾಗೆ ಕೇಳಿಸಬಹುದು. ಆದರೂ ಹಾಗೇ ಮಾಡಿ.

ನೀರಿನ ಬಗ್ಗೆ ಒಂದೇ ಮಾತು. ಸಮುದ್ರದಲ್ಲಿ ದಡದಿಂದ ಒಳಕ್ಕೆ ಎಳೆಯುವ ಸೆಳೆತ ಕಣ್ಣಿಗೆ ಕಾಣುವುದು ಕಮ್ಮಿ. ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯೇ ಹೆಚ್ಚಾಗಿ ಆ ಸೆಳೆತದ ಜಾಗ. ಸಿಕ್ಕಿಕೊಂಡರೆ ನೇರ ದಡಕ್ಕೆ ಈಜಬಾರದು. ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು.

ಹಿಂದಿರುಗುವ ದಾರಿ ಇದೆಯಾ?

ಈಗ ನಾನು ಮೊದಲು ಹೇಳಿದ ಪ್ರಶ್ನೆಗೆ ಬರೋಣ. ಅಪಾಯವನ್ನು ಅಳೆಯುವಾಗ ‘ಆಗುವ ಸಾಧ್ಯತೆ ಎಷ್ಟು’ ಎಂದು ಮಾತ್ರ ನೋಡಿದರೆ ಅರ್ಧ ಲೆಕ್ಕ. ‘ಆದ ಮೇಲೆ ಏನು’ ಅನ್ನುವುದು ಉಳಿದರ್ಧ.

ಎರಡು ತುದಿಯ ಉದಾಹರಣೆ ಕೊಡುತ್ತೇನೆ. ಪ್ರಯಾಣಿಕರ ಭೇದಿ ತುಂಬಾ ಮಾಮೂಲಿ. ನೀರು, ಚರಂಡಿ ವ್ಯವಸ್ಥೆ ಸರಿ ಇಲ್ಲದ ಕಡೆ ಎರಡು ವಾರ ಇದ್ದರೆ, ಜಾಗ ಮತ್ತು ಕಾಲ ನೋಡಿಕೊಂಡು, 100ರಲ್ಲಿ 30ರಿಂದ 70 ಮಂದಿಗೆ ಅದು ಬರಬಹುದು. ಆದರೆ ಆರೋಗ್ಯವಂತರಿಗೆ ಎರಡು ಮೂರು ದಿನದ ಗೋಳು, ಅಷ್ಟೇ. ಓಆರ್‌ಎಸ್ ಕುಡಿದು ಮಲಗಿದರೆ ಬಹುತೇಕ ಸರಿಹೋಗುತ್ತದೆ. ರಕ್ತ ಕಂಡರೆ, ಜೋರು ಜ್ವರ ಬಂದರೆ ಡಾಕ್ಟರ್ ಹತ್ತಿರ ಹೋಗಬೇಕು.

ರೇಬೀಸ್ ಇನ್ನೊಂದು ತುದಿ. ಪ್ರವಾಸಿಗರಿಗೆ ಅದು ಬರುವುದು ತೀರಾ ಅಪರೂಪ. ಆದರೆ ಲಕ್ಷಣ ಕಾಣಿಸಿಕೊಂಡ ಮೇಲೆ ಸಾವು ಬಹುತೇಕ ಖಚಿತ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ ಎಂಬ ಅಂದಾಜಿದೆ, ಹೆಚ್ಚಿನದೆಲ್ಲ ನಾಯಿ ಕಡಿತದಿಂದ. ಕಚ್ಚಿದ ಕೂಡಲೇ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಆಮೇಲೆ ಲಸಿಕೆ, ಹಲ್ಲು ಚರ್ಮ ಸೀಳಿ ಒಳಗೆ ಇಳಿದಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು. ತೊಂದರೆ ಇರುವುದು ಇಲ್ಲೇ. ಲಸಿಕೆ ಎಷ್ಟೋ ಕಡೆ ಸಿಗುತ್ತದೆ, ಇಮ್ಯುನೊಗ್ಲಾಬ್ಯುಲಿನ್ ತುಂಬಾ ದೇಶಗಳಲ್ಲಿ ದೊಡ್ಡ ನಗರದ ಆಸ್ಪತ್ರೆಯಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಹೋಗುವ ಮೊದಲೇ ವಾರದ ಅಂತರದಲ್ಲಿ ಎರಡು ಡೋಸ್ ಲಸಿಕೆ ಹಾಕಿಸಿಕೊಂಡಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ಕಚ್ಚಿದ ಮೇಲೆ ಬೂಸ್ಟರ್ ಡೋಸುಗಳನ್ನು ಮಾತ್ರ ಹಾಕಿಸಿಕೊಂಡರೆ ಸಾಕು. ಅಂದರೆ ಮೊದಲೇ ಲಸಿಕೆ ಹಾಕಿಸಿಕೊಂಡರೆ ಆಸ್ಪತ್ರೆ ತಲುಪಲು ಒಂದಿಷ್ಟು ಸಮಯ ಸಿಗುತ್ತದೆ. ಆಸ್ಪತ್ರೆ ಎರಡು ದಿನದ ದಾರಿಯಲ್ಲಿ ಇರುವ ಬೆಟ್ಟದ ಊರಿಗೆ ಹೊರಟವರಿಗೂ ರಾಜಧಾನಿಯಲ್ಲಿ ಮೂರು ದಿನದ ಮೀಟಿಂಗಿಗೆ ಹೊರಟವರಿಗೂ ಈ ಲಸಿಕೆಯ ಬೆಲೆ ಒಂದೇ ಅಲ್ಲ. ಮಕ್ಕಳು ಜೊತೆಗಿದ್ದರೆ ಇನ್ನಷ್ಟು ಯೋಚಿಸಬೇಕು. ಅವರು ನಾಯಿಮರಿ, ಕೋತಿ ಕಂಡರೆ ಕೈ ಚಾಚುತ್ತಾರೆ. ಗೀರಿದ್ದನ್ನು ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ.

ಎತ್ತರದ ಊರುಗಳದ್ದೂ ಇದೇ ಲೆಕ್ಕ. ಬೊಲಿವಿಯಾದ ಲಾ ಪಾಸ್‌ಗೆ ಹೋಗುವವರು ಇಳಿಯುವ ಎಲ್ ಆಲ್ಟೊ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ 4,000 ಮೀಟರಿಗಿಂತ ಎತ್ತರದಲ್ಲಿದೆ. ಪೆರುವಿನ ಕುಸ್ಕೊ ಸುಮಾರು 3,400 ಮೀಟರ್. ಬೆಳಿಗ್ಗೆ ಸಮುದ್ರ ತೀರದಲ್ಲಿ ತಿಂಡಿ ತಿಂದು ಮಧ್ಯಾಹ್ನ ಅಲ್ಲಿ ಇಳಿದರೆ ದೇಹಕ್ಕೆ ಹೊಂದಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ದಿನಾ ಜಿಮ್ಮಿಗೆ ಹೋಗುವವರಿಗೂ ಎತ್ತರದ ಕಾಯಿಲೆ ಬರುತ್ತದೆ, ಕಸರತ್ತಿಗೂ ಅದಕ್ಕೂ ಸಂಬಂಧ ಇಲ್ಲ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎನ್ನುವುದು ಪರ್ವತ ವೈದ್ಯರ ಲೆಕ್ಕ. ಬರೀ ತಲೆನೋವು ಇದ್ದರೆ ಅಲ್ಲೇ ನಿಂತು ಸುಧಾರಿಸಿಕೊಳ್ಳಬಹುದು. ನಡಿಗೆ ತೂರಾಡತೊಡಗಿದರೆ, ಕೂತಲ್ಲೇ ಉಸಿರು ಕಟ್ಟಿದರೆ ಕೆಳಗೆ ಇಳಿಯಲೇಬೇಕು, ರಾತ್ರಿಯಾದರೂ ಸರಿ. ಹಾಗಾಗಿ ಟ್ರೆಕ್ಕಿಂಗ್ ದಾರಿ ಆರಿಸುವಾಗ ಎಷ್ಟು ಎತ್ತರ ಎನ್ನುವುದರ ಜೊತೆ, ಅಲ್ಲಿಂದ ಬೇಗ ಇಳಿಯಲು ಆಗುತ್ತದಾ ಎಂದೂ ಕೇಳಬೇಕು. ಇಳಿಯಲು ಮೊದಲು ಇನ್ನೊಂದು ಏರು ಹತ್ತಬೇಕಾದ ದಾರಿಗಳೂ ಇವೆ.

2024ರ ನವೆಂಬರಿನಲ್ಲಿ ಲಾವೋಸ್‌ನ ವಾಂಗ್ ವಿಯೆಂಗ್ ಎಂಬ ಪ್ರವಾಸಿ ಊರಿನಲ್ಲಿ ಆರು ಮಂದಿ ವಿದೇಶಿಯರು ಮೆಥನಾಲ್ ವಿಷದಿಂದ ಸತ್ತರು. ನಾಲ್ಕು ಬೇರೆ ಬೇರೆ ದೇಶಗಳಿಂದ ಬಂದವರು: ಆಸ್ಟ್ರೇಲಿಯಾ, ಡೆನ್ಮಾರ್ಕ್, ಬ್ರಿಟನ್, ಅಮೆರಿಕ. ಕಲಬೆರಕೆ ಮದ್ಯದ ರುಚಿಯಿಂದ, ವಾಸನೆಯಿಂದ ಮೆಥನಾಲ್ ಗೊತ್ತಾಗುವುದಿಲ್ಲ. ಲಕ್ಷಣ ಕಾಣಲು 12ರಿಂದ 24 ಗಂಟೆ ಬೇಕಾಗಬಹುದು. ಅಷ್ಟು ಹೊತ್ತು ‘ನಿನ್ನೆ ಜಾಸ್ತಿ ಕುಡಿದೆ, ಅದಕ್ಕೇ ತಲೆ ಭಾರ’ ಎಂದುಕೊಂಡು ಮಲಗಿರುತ್ತಾರೆ. ಕಣ್ಣು ಮಂಜಾದರೆ ಅದು ಮಾಮೂಲಿ ಹ್ಯಾಂಗೋವರ್ ಅಲ್ಲ. ಚಿಕಿತ್ಸೆ ಇದೆ, ಡಯಾಲಿಸಿಸ್ ಕೂಡ ಬೇಕಾಗಬಹುದು. ಆ ಯಂತ್ರ ಇರುವ ಆಸ್ಪತ್ರೆ ಪಕ್ಕದ ದೇಶದಲ್ಲಿದ್ದರೆ ಗಂಟೆಗಳು ಹಾಗೇ ಕಳೆದುಹೋಗುತ್ತವೆ.

ಹುಡುಕುವವರಿಗೇ ಸಿಗುತ್ತದೆ

ರೋಗದ ಸುದ್ದಿ ಓದುವಾಗ ಒಂದು ವಿಚಿತ್ರವನ್ನು ನೆನಪಿಡಬೇಕು. ಒಳ್ಳೆಯ ಪ್ರಯೋಗಾಲಯ ಇರುವ, ಸುಳ್ಳು ಹೇಳದ ದೇಶಗಳೇ ಹೆಚ್ಚು ರೋಗ ವರದಿ ಮಾಡುತ್ತವೆ. 2021ರ ನವೆಂಬರಿನಲ್ಲಿ ಕೋವಿಡ್‌ನ ಒಮಿಕ್ರಾನ್ ರೂಪಾಂತರವನ್ನು ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್ವಾನಾದ ವಿಜ್ಞಾನಿಗಳು ಗುರುತಿಸಿ ಜಗತ್ತಿಗೆ ತಿಳಿಸಿದರು. ಕೆಲವೇ ದಿನಗಳಲ್ಲಿ ಆ ಭಾಗದ ದೇಶಗಳ ಮೇಲೆ ಪ್ರಯಾಣ ನಿಷೇಧ ಬಿತ್ತು. ಆ ಹೊತ್ತಿಗೆ ವೈರಸ್ ಯುರೋಪಿನಲ್ಲೂ ಇತ್ತು. ಇದಕ್ಕೆ ಎದುರಾಗಿ ತಾಂಜಾನಿಯಾವನ್ನು ನೋಡಿ. 2020ರಲ್ಲಿ ಅದು ಕೋವಿಡ್ ಅಂಕಿ ಕೊಡುವುದನ್ನೇ ನಿಲ್ಲಿಸಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಅದರ ಲೆಕ್ಕ 509 ಪ್ರಕರಣಗಳಲ್ಲೇ ನಿಂತಿತ್ತು. ಪಟ್ಟಿ ಮಾತ್ರ ನೋಡಿದವರಿಗೆ ಯಾವುದು ಸುರಕ್ಷಿತವಾಗಿ ಕಂಡಿರಬೇಕು?

ರುವಾಂಡಾದಲ್ಲಿ 2024ರ ಸೆಪ್ಟೆಂಬರ್ 27ರಂದು ಮಾರ್ಬರ್ಗ್ ವೈರಸ್ ಕಾಣಿಸಿಕೊಂಡಿದೆ ಎಂದು ಘೋಷಣೆಯಾಯಿತು. ಹೆಸರು ಕೇಳಿದರೇ ಭಯ ಹುಟ್ಟಿಸುವ ರೋಗ. ಆದರೆ ಸೋಂಕು ತಗುಲಿದವರಲ್ಲಿ ಹೆಚ್ಚಿನವರು ಆಸ್ಪತ್ರೆಗಳ ಸಿಬ್ಬಂದಿ. ಒಟ್ಟು 66 ಪ್ರಕರಣ, 15 ಸಾವು. ಡಿಸೆಂಬರ್ 20ಕ್ಕೆ ಮುಗಿಯಿತು ಎಂದು ಸಾರಲಾಯಿತು. ರೋಗಿಯ ದೇಹದ ದ್ರವ ಮುಟ್ಟಿದರೆ ಹರಡುವ ಇಂಥ ರೋಗಕ್ಕೂ ಗಾಳಿಯಲ್ಲಿ ಹರಡುವ ರೋಗಕ್ಕೂ ಪ್ರವಾಸಿಗರ ಮಟ್ಟಿಗೆ ಅಜಗಜಾಂತರ. ‘ಎಷ್ಟು ಭಯಂಕರ’ ಎನ್ನುವುದಕ್ಕಿಂತ ‘ನನಗೆ ಹೇಗೆ ಬರಬಹುದು’ ಎಂದು ಕೇಳಬೇಕು.

ಗಾಳಿಯಲ್ಲಿ ಹರಡುವ ದಡಾರದ ವಿಷಯದಲ್ಲಿ ಶ್ರೀಮಂತ ದೇಶ, ಬಡ ದೇಶ ಎಂಬ ಭೇದ ಈಗ ಉಳಿದಿಲ್ಲ. 1998ರಲ್ಲೇ ದಡಾರ ತೊಲಗಿತು ಎಂದುಕೊಂಡಿದ್ದ ಕೆನಡಾ 2025ರ ನವೆಂಬರಿನಲ್ಲಿ ಆ ಪಟ್ಟ ಕಳೆದುಕೊಂಡಿತು. ಚಿಕ್ಕ ಕೂಸನ್ನು ಕರೆದುಕೊಂಡು ಹೋಗುವವರು ಎಲ್ಲಿಗೆ ಹೊರಟರೂ ದಡಾರದ ಲಸಿಕೆ ಬಗ್ಗೆ ಮಕ್ಕಳ ಡಾಕ್ಟರನ್ನು ಕೇಳಿಯೇ ಹೋಗಬೇಕು.

ಲಸಿಕೆಗಳ ವಿಷಯದಲ್ಲಿ ದೊಡ್ಡ ಗೊಂದಲ ಎಂದರೆ ‘ಕಡ್ಡಾಯ’ ಮತ್ತು ‘ಅಗತ್ಯ’ ಎರಡೂ ಒಂದೇ ಎಂದುಕೊಳ್ಳುವುದು. ಹಳದಿ ಜ್ವರದ ಲಸಿಕೆ ಪ್ರಮಾಣಪತ್ರವನ್ನು ಎಷ್ಟೋ ದೇಶಗಳು ಗಡಿಯಲ್ಲಿ ಕೇಳುತ್ತವೆ. ಹಾಗೆ ಕೇಳುವುದು ಹೆಚ್ಚಾಗಿ ತಮ್ಮ ರಕ್ಷಣೆಗೆ, ನಿಮ್ಮದಕ್ಕಲ್ಲ. ಅವರಲ್ಲಿ ಆ ಸೊಳ್ಳೆ ಇದೆ, ವೈರಸ್ ಇಲ್ಲ. ನೀವು ಅದನ್ನು ತಂದುಬಿಟ್ಟರೆ ಎಂಬ ಭಯ. ಹಾಗಾಗಿ ಆ ರೋಗ ಇರುವ ದೇಶದ ಏರ್‌ಪೋರ್ಟಿನಲ್ಲಿ 12 ಗಂಟೆಗಿಂತ ಹೆಚ್ಚು ಕೂತು ಬಂದವರನ್ನೂ ಕೆಲವರು ಕೇಳುತ್ತಾರೆ. ಲಸಿಕೆ ಹಾಕಿಸಿದ 10 ದಿನಗಳ ನಂತರವೇ ಪತ್ರಕ್ಕೆ ಬೆಲೆ. 2016ರ ಜುಲೈ 11ರಿಂದ ಒಂದು ಡೋಸ್ ಜೀವಮಾನಕ್ಕೆ ಸಾಕು. ಇದು ಜೀವಂತ ವೈರಸ್ ಇರುವ ಲಸಿಕೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಕೊಡುವುದಿಲ್ಲ. 60 ದಾಟಿದವರಿಗೆ ಡಾಕ್ಟರು ಯೋಚಿಸಿ ಕೊಡುತ್ತಾರೆ. ಇನ್ನೊಂದು ಕಡೆ, ಗಡಿಯಲ್ಲಿ ಯಾರೂ ಕೇಳದ ಹೆಪಟೈಟಿಸ್ ಎ, ಟೈಫಾಯಿಡ್, ರೇಬೀಸ್ ಲಸಿಕೆಗಳು ನಿಮ್ಮನ್ನು ಕಾಯುವಂಥವು. ‘ಯಾವುದೂ ಕಡ್ಡಾಯ ಇಲ್ಲವಂತೆ’ ಎಂದು ಸಮಾಧಾನದಿಂದ ಹೊರಡುವವರು ಇದನ್ನು ಮರೆಯುತ್ತಾರೆ. ಹೊರಡುವ ನಾಲ್ಕರಿಂದ ಆರು ವಾರ ಮೊದಲು ಡಾಕ್ಟರನ್ನು ಕಂಡರೆ ಡೋಸುಗಳಿಗೆ ಸಮಯ ಸಿಗುತ್ತದೆ. ತಡವಾಗಿದ್ದರೂ ಹೋಗಿ, ಹೆಪಟೈಟಿಸ್ ಎ ಒಂದೇ ಡೋಸ್ ಕೂಡ ಕೆಲಸಕ್ಕೆ ಬರುತ್ತದೆ.

ಲಸಿಕೆಯೊಂದಕ್ಕೇ ಬಗ್ಗದ್ದು ಸೊಳ್ಳೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ. ಡೆಂಗಿ ಹರಡುವ ಈಡಿಸ್ ಹಗಲಲ್ಲಿ ಕಚ್ಚುತ್ತದೆ. ಪರದೆ ಕಟ್ಟಿ ಮಲಗಿದವರಿಗೆ ಮೊದಲನೆಯದರಿಂದ ರಕ್ಷಣೆ ಸಿಗುತ್ತದೆ, ಎರಡನೆಯದರಿಂದ ಅಷ್ಟಾಗಿ ಇಲ್ಲ. 2024ರಲ್ಲಿ ಜಗತ್ತಿನಲ್ಲಿ ವರದಿಯಾದ ಡೆಂಗಿ ಪ್ರಕರಣಗಳು 1.4 ಕೋಟಿ ದಾಟಿದವು. ಒಮ್ಮೆ ಡೆಂಗಿ ಬಂದವರಿಗೆ ಎರಡನೇ ಸಲ ಬೇರೆ ಬಗೆಯ ಡೆಂಗಿ ಬಂದರೆ ಅದು ಜೋರಾಗಿರುವ ಸಾಧ್ಯತೆ ಹೆಚ್ಚು. ಮಲೇರಿಯಾಗೆ ಮುಂಜಾಗ್ರತೆಯ ಮಾತ್ರೆ ಇದೆ, ಆದರೆ ಜಾಗಕ್ಕೆ ತಕ್ಕಂತೆ ಮಾತ್ರೆ ಬದಲಾಗುತ್ತದೆ. ವಾಪಸ್ ಬಂದ ಮೇಲೂ ಅದನ್ನು ನುಂಗಬೇಕು. ಅಟೊವಕ್ವೋನ್–ಪ್ರೊಗ್ವಾನಿಲ್ ಆದರೆ ಒಂದು ವಾರ, ಡಾಕ್ಸಿಸೈಕ್ಲಿನ್ ಆದರೆ ನಾಲ್ಕು ವಾರ. ಮನೆಗೆ ಬಂದ ಖುಷಿಯಲ್ಲಿ ನಿಲ್ಲಿಸಿಬಿಡುವವರೂ ಇದ್ದಾರೆ.

ಹೋಗುವವರು ಯಾರು?

ಮಲೇರಿಯಾ ಹೊತ್ತು ವಾಪಸಾಗುವವರಲ್ಲಿ ಮೊದಲ ಸಲ ಆ ದೇಶ ನೋಡಲು ಹೋದ ಪ್ರವಾಸಿಗರಿಗಿಂತ, ಹುಟ್ಟಿದ ದೇಶಕ್ಕೆ ನೆಂಟರನ್ನು ನೋಡಲು ಹೋದವರೇ ಹೆಚ್ಚು ಎನ್ನುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಕಾರಣ ಸರಳ. ‘ನಾನು ಅಲ್ಲೇ ಬೆಳೆದವನು, ನನಗೇನು’ ಎಂಬ ಧೈರ್ಯ. ಚಿಕ್ಕಂದಿನಲ್ಲಿ ಪದೇ ಪದೇ ಕಾಯಿಲೆ ಬಂದು ಹುಟ್ಟಿದ ರೋಗನಿರೋಧಕ ಶಕ್ತಿ ಕೆಲವು ವರ್ಷ ದೂರ ಇದ್ದರೆ ಕರಗುತ್ತದೆ. ಹೊರಗೆ ಹುಟ್ಟಿದ ಮಕ್ಕಳಿಗಂತೂ ಅದು ಬಂದಿರುವುದೇ ಇಲ್ಲ. ಗೊತ್ತಿರುವ ಜಾಗಕ್ಕೆ ಹೋಗುವಾಗ ನಾವು ಡಾಕ್ಟರನ್ನು ಕಾಣುವುದಿಲ್ಲ.

ಗರ್ಭಿಣಿಯರಿಗೆ ಮತ್ತು ಮಗುವಿನ ಯೋಚನೆಯಲ್ಲಿರುವವರಿಗೆ, ಗರ್ಭದ ಮಗುವಿಗೆ ಹಾನಿ ಮಾಡಬಲ್ಲ ಜೀಕಾ ವೈರಸ್ ಇರುವ ಜಾಗಗಳ ಲೆಕ್ಕವೇ ಬೇರೆ. ಹೋಗಿ ಬಂದ ಹೆಂಗಸರು ಎರಡು ತಿಂಗಳು, ಗಂಡಸರು ಮೂರು ತಿಂಗಳು ಮಗುವಿಗೆ ಪ್ರಯತ್ನಿಸದೆ ಕಾಯಬೇಕು ಎನ್ನುವುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯ ಸಲಹೆ. ಸಲಿಂಗ ಸಂಬಂಧ 60ಕ್ಕೂ ಹೆಚ್ಚು ದೇಶಗಳಲ್ಲಿ ಅಪರಾಧ. ಪಕ್ಕದಲ್ಲೇ ನಡೆಯುತ್ತಿರುವ ಇಬ್ಬರಲ್ಲಿ ಒಬ್ಬರಿಗೆ ಅದೇ ಊರು ರಜೆಯ ಜಾಗ, ಇನ್ನೊಬ್ಬರಿಗೆ ಜೈಲಿನ ದಾರಿ ಆಗಬಹುದು.

ಕಾನೂನು ಅಂದಾಗ ನಮಗೆ ಅಪರಾಧಿಗಳು ನೆನಪಾಗುತ್ತಾರೆ, ನಮ್ಮ ಔಷಧಿ ಡಬ್ಬಿ ನೆನಪಾಗುವುದಿಲ್ಲ. ಕೆಲವು ದೇಶಗಳಲ್ಲಿ ಶೀತಕ್ಕೆ ಮಾಮೂಲಿಯಾಗಿ ಕೊಡುವ ಸ್ಯೂಡೊಎಫೆಡ್ರಿನ್, 10 ಶೇಕಡಾಕ್ಕಿಂತ ಹೆಚ್ಚಿದ್ದರೆ ಜಪಾನ್ ಒಳಗೆ ಬಿಡುವುದಿಲ್ಲ. ಗಮನ ಕೊರತೆಗೆ ಕೊಡುವ ಆಂಫೆಟಮಿನ್ ಅಲ್ಲಿ ಡಾಕ್ಟರ್ ಚೀಟಿ ಇದ್ದರೂ ನಿಷಿದ್ಧ. ಕೊಡೀನ್, ಟ್ರಮಡಾಲ್ ಎಂಬ ನೋವಿನ ಔಷಧಿ ತೆಗೆದುಕೊಂಡು ಯುಎಇಗೆ ಹೋಗುವವರು ಮೊದಲೇ ಅನುಮತಿ ಪಡೆಯಬೇಕು. ಸಿಂಗಾಪುರದಲ್ಲಿ ವೇಪ್ (ಇ-ಸಿಗರೇಟ್) ಇಟ್ಟುಕೊಂಡಿದ್ದರೂ ತಪ್ಪು. ಸಿಕ್ಕಿಬಿದ್ದರೆ ರಾಯಭಾರ ಕಚೇರಿ ಬಿಡಿಸುತ್ತದೆ ಎಂಬ ನಂಬಿಕೆ ಬೇಡ. 1963ರ ವಿಯೆನ್ನಾ ಒಪ್ಪಂದದ ಪ್ರಕಾರ ನಿಮ್ಮ ದೇಶದ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಅವರು ಬಂದು ನೋಡಬಹುದು, ವಕೀಲರ ಹೆಸರು ಕೊಡಬಹುದು. ಅಲ್ಲಿನ ಕಾನೂನಿನಿಂದ ತಪ್ಪಿಸಲಾರರು. ಎರಡು ಪೌರತ್ವ ಇದ್ದು, ಹೋದ ದೇಶ ನಿಮ್ಮನ್ನು ತನ್ನದೇ ಪ್ರಜೆ ಎಂದುಕೊಂಡರೆ ಅಷ್ಟೂ ಸಿಗದಿರಬಹುದು.

ಇನ್ಶೂರೆನ್ಸ್ ತೆಗೆದುಕೊಂಡ ಕೂಡಲೇ ನೆಮ್ಮದಿಯಾಗುವವರು ಪಾಲಿಸಿಯ ಕೊನೆಯಲ್ಲಿರುವ ‘ಇವಕ್ಕೆ ಅನ್ವಯಿಸುವುದಿಲ್ಲ’ ಭಾಗವನ್ನು ಓದಿರುವುದಿಲ್ಲ. ಅದೊಂದನ್ನೇ ಓದಿದರೂ ಸಾಕು. ಲೈಸೆನ್ಸ್ ಇಲ್ಲದೆ ಬೈಕ್ ಓಡಿಸಿದರೆ ಇಲ್ಲ. ಕುಡಿದಿದ್ದರೆ ಇಲ್ಲ. ಇಂತಿಷ್ಟು ಮೀಟರ್ ಎತ್ತರ ದಾಟಿದರೆ ಇಲ್ಲ. ಮೊದಲೇ ಇದ್ದ ಕಾಯಿಲೆ ಹೇಳಿರದಿದ್ದರೆ ಇಲ್ಲ. ಸರ್ಕಾರ ಹೋಗಬೇಡಿ ಎಂದ ಜಾಗಕ್ಕೆ ಹೋದರೆ ಇಲ್ಲ. ಚಂಡಮಾರುತದ ಸುದ್ದಿ ಬಂದ ಮೇಲೆ ಪಾಲಿಸಿ ಕೊಂಡಿದ್ದರೆ ಆ ಚಂಡಮಾರುತಕ್ಕೆ ಇಲ್ಲ. ಅಡ್ವೈಸರಿ ನಿಮ್ಮನ್ನು ತಡೆಯದೇ ಇರಬಹುದು, ನಿಮ್ಮ ಪಾಲಿಸಿಯನ್ನು ಸದ್ದಿಲ್ಲದೆ ರದ್ದಿ ಕಾಗದ ಮಾಡಬಲ್ಲದು. ಸೂಟ್‌ಕೇಸ್ ಕಳೆದರೆ ಎಷ್ಟು ಕೊಡುತ್ತಾರೆ ಎನ್ನುವುದಕ್ಕಿಂತ, ಅಲ್ಲಿ ಚಿಕಿತ್ಸೆ ಸಿಗದಿದ್ದರೆ ಇನ್ನೊಂದು ದೇಶಕ್ಕೆ ಸಾಗಿಸುವ ಖರ್ಚು ಸೇರಿದೆಯಾ ನೋಡಿ. ಸೇರಿದ್ದರೆ ಆ 24 ಗಂಟೆಯ ಫೋನ್ ನಂಬರನ್ನು ಕಾಗದದ ಮೇಲೆ ಬರೆದು ಜೊತೆಗೆ ಬಂದವರಿಗೂ ಒಂದು ಕೊಡಿ. ಪ್ರಜ್ಞೆ ತಪ್ಪಿದವರ ಫೋನ್ ಲಾಕ್ ತೆಗೆಯುವವರು ಯಾರು?

ಪ್ರವಾಸ ಮುಗಿದು ಬ್ಯಾಗ್ ಅಟ್ಟಕ್ಕೆ ಹೋದ ಮೇಲೂ ಒಂದು ಬಾಕಿ ಇರುತ್ತದೆ. ಮಲೇರಿಯಾ ಸೊಳ್ಳೆ ಕಚ್ಚಿದ ಏಳು ದಿನದ ನಂತರ ಯಾವಾಗ ಬೇಕಾದರೂ ಜ್ವರ ಬರಬಹುದು. ವೈವ್ಯಾಕ್ಸ್ ಬಗೆಯದ್ದು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿದ್ದೆ ಮಾಡಿ ಆಮೇಲೆ ಏಳುತ್ತದೆ. ಫಾಲ್ಸಿಪ್ಯಾರಂ ಬಗೆಯದ್ದಾದರೆ ಒಂದೆರಡು ದಿನದಲ್ಲಿ ಜೀವಕ್ಕೇ ಬರಬಹುದು. 2023ರಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5,97,000, ಅವರಲ್ಲಿ ಬಹುತೇಕರು ಆಫ್ರಿಕಾದಲ್ಲಿ. ಮಲೇರಿಯಾವನ್ನೇ ಕಾಣದ ಊರಿನ ಡಾಕ್ಟರು ಜ್ವರ ನೋಡಿ ಫ್ಲೂ ಎಂದುಕೊಳ್ಳುವುದು ಸಹಜ. ಅವರು ಕೇಳಲಿ ಬಿಡಲಿ, ಮೊದಲ ಮಾತಾಗಿ ನೀವೇ ಹೇಳಿ: ಯಾವ ದೇಶ, ಯಾವ ಹಳ್ಳಿ, ಯಾವ ತಾರೀಖಿಗೆ ವಾಪಸ್ ಬಂದಿರಿ, ಮಾತ್ರೆ ಪೂರ್ತಿ ಮುಗಿಸಿದಿರಾ ಇಲ್ಲವಾ. ಆಮೇಲೆ ರಕ್ತ ಪರೀಕ್ಷೆ ಅವತ್ತೇ ಆಗಲಿ ಎಂದು ಕೇಳಿ.